‘ಪೇಶಿ’ ಎಂಬ ಪದ ಮತ್ತು ಅಜ್ಜಿಯ ಕಾಲು

ಅಥಣಿ, ಕಾಗವಾಡ, ರಾಯಬಾಗಗಳಿಂದ ಚಿಕಿತ್ಸೆಗಾಗಿ ಮಿರಜಕ್ಕೆ ಬರುವ ವೃದ್ಧರ ಜೊತೆಯಲ್ಲಿ ಮೊಮ್ಮಗನೋ ಮೊಮ್ಮಗಳೋ ಇರುವುದುಂಟು. ವೈದ್ಯರ ಮರಾಠಿಯನ್ನು ಅಜ್ಜಿಯ ಕನ್ನಡಕ್ಕೆ ತರುವ ಹೊಣೆ ಆ ಎಳೆಯ ಹೆಗಲಿನದು. ಅಲ್ಲಿ ಎಡವಬಹುದಾದ ಒಂದು ಪದ ‘ಪೇಶಿ’. ಮರಾಠಿಯಲ್ಲಿ ಪೇಶಿಯೆಂದರೆ ಜೀವಕೋಶ, ‘ಮೂಲಪೇಶಿ’ಯೆಂದರೆ ಆಕರಕೋಶ. ಕನ್ನಡದಲ್ಲಾದರೋ ‘ಮಾಂಸಪೇಶಿ’ ಎಂಬ ಬಳಕೆಯಿಂದಾಗಿ ಪೇಶಿಯೆಂದೊಡನೆ ಸ್ನಾಯುವೇ ಕಣ್ಮುಂದೆ ನಿಲ್ಲುತ್ತದೆ.

ಈ ಪದದ ಹಿಂದೆ ತಿಳಿಯಲೇಬೇಕಾದ ವಿಷಯವೊಂದಿದೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುತಂತುವಿಗೆ ಅಂಟಿಕೊಂಡಿದ್ದ ಪುಟ್ಟ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ‘ಉಪಗ್ರಹ ಕೋಶ’ಗಳೆಂದು ಕರೆದರು. ಸ್ನಾಯುವಿನ ಆಕರಕೋಶಗಳು ಇವೇ. ಸಾಮಾನ್ಯವಾಗಿ ಸುಪ್ತವಾಗಿರುವ ಇವು ಗಾಯವಾದಾಗ ಎಚ್ಚೆತ್ತು, ವಿಭಜನೆಗೊಂಡು, ಹೊಸ ತಂತುಗಳನ್ನು ಕಟ್ಟುತ್ತವೆ. ಕೆಲವು ಮರಳಿ ಸುಪ್ತಾವಸ್ಥೆಗೆ ಸರಿಯುತ್ತವೆ. ಹೈದರಾಬಾದಿನ ಸಿಸಿಎಂಬಿ ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗಳಲ್ಲಿ ಜ್ಯೋತ್ಸ್ನಾ ಧವನ್ ಅವರು ಅಭ್ಯಸಿಸಿದ್ದು ಈ ಸುಪ್ತಿಯನ್ನೇ.

ವಯಸ್ಸಾದಂತೆ ಈ ಕೋಶಗಳ ಸಂಖ್ಯೆ ಕುಗ್ಗುತ್ತದೆ; ಎಚ್ಚರಗೊಳ್ಳುವ ಶಕ್ತಿ ಮಂದವಾಗುತ್ತದೆ. ಆದರೆ 2005ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮುದಿ ಇಲಿಯ ರಕ್ತಸಂಚಾರವನ್ನು ಎಳೆಯ ಇಲಿಯದರೊಡನೆ ಕೂಡಿಸಿದಾಗ ಮುದಿ ಸ್ನಾಯುವಿನ ಕೋಶಗಳು ಮತ್ತೆ ದುರಸ್ತಿಗಿಳಿದವು. ಮುಪ್ಪು ಕೋಶದೊಳಗಷ್ಟೇ ಇಲ್ಲ, ಅದರ ಸುತ್ತಲಿನ ಪರಿಸರದಲ್ಲೂ ಇದೆಯೆಂಬುದು ಇದರ ಸಾರ.

ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಇನ್ನೂ ಔಷಧವಾಗಿಲ್ಲ. ಆಕರಕೋಶದ ಹೆಸರಿನಲ್ಲಿ ಯೌವನವನ್ನು ಮಾರುವ ಜಾಹೀರಾತುಗಳನ್ನು ನಂಬಲಾಗದು. ಹಾಗೆಂದು ‘ವಯಸ್ಸಾಯಿತು, ಇನ್ನೇನು’ ಎಂದು ಬಿದ್ದು ಕಾಲು ಮುರಿದುಕೊಂಡ ಅಜ್ಜಿಯನ್ನು ಹಾಸಿಗೆಗೆ ಒಪ್ಪಿಸಿಬಿಡುವುದೂ ಸಲ್ಲದು. ತೊಂಬತ್ತರ ಆಸುಪಾಸಿನವರೂ ಮೇಲ್ವಿಚಾರಣೆಯ ವ್ಯಾಯಾಮದಿಂದ ಸ್ನಾಯುಬಲ ಗಳಿಸಬಲ್ಲರೆಂದು ಬೋಸ್ಟನ್ನಿನ ವೈದ್ಯರು 1990ರಲ್ಲೇ ತೋರಿಸಿದ್ದಾರೆ.

ಇದು ವಿಜ್ಞಾನ ವಿಭಾಗದ ಮಾತೆಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪಕ್ಕಕ್ಕಿಡಬಾರದು. ‘ಸುಪ್ತ’ವೆಂಬುದು ಅನುವಾದದಲ್ಲಿ ‘ಸತ್ತ’ ಎಂದಾದರೆ, ಅಜ್ಜಿ ಎದ್ದು ನಿಲ್ಲುವ ಆಸೆಯನ್ನೇ ಬಿಟ್ಟಾಳು. ಎರಡೂ ನುಡಿಗಳಲ್ಲಿ ಓದಿದವರಿಗೆ ಮಾತ್ರ ಇಂಥ ತೊಡಕು ಕಾಣುತ್ತದೆ. ಅದನ್ನು ಬಿಡಿಸುವ ಕೆಲಸವೂ ಗಡಿನಾಡಿನ ವಿದ್ಯಾರ್ಥಿಗಳದೇ. ಆಸ್ಪತ್ರೆಯಲ್ಲಿ ಬಳಕೆಯಾಗುವ ನೂರು ಮರಾಠಿ ಪದಗಳಿಗೆ ಕನ್ನಡದ ಸರಿಯಾದ ಅರ್ಥ ಬರೆದು ವಿಭಾಗದ ಭಿತ್ತಿಪತ್ರಿಕೆಗೆ ಅಂಟಿಸಿದರೆ, ಆ ವರ್ಷದ ಭಾಷಾಭ್ಯಾಸ ಸಾರ್ಥಕವಾದಂತೆ. ಪಟ್ಟಿಯ ಮೊದಲ ಪದ ‘ಪೇಶಿ’ಯೇ ಆಗಲಿ.