ಮೊದ್ಲು ಆ ಒಣ ಬಟ್ಟೆ ಬಿಸಾಕಿ, ಆಮೇಲೆ ಕೋಟಿಂಗ್ ಮಾತಾಡೋಣ

📌 1/6
ಈ ಸೀರೀಸ್ ಹೊಸ ಕಾರ್ ಬುಕ್ ಮಾಡಿರೋ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಜನಕ್ಕೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಓದೋಕೆ ದುಡ್ಡೇನೂ ಇಲ್ಲ. ಓದದೆ ಹೋದ್ರೆ ಇಪ್ಪತ್ತು ಸಾವಿರ ಹೋಗ್ಬೋದು.

ಶೋರೂಮ್‌ನಲ್ಲಿ ಬಿಲ್ ಹಾಕುವಾಗ ಒಂದು ಸಾಲು ಮೆಲ್ಲಗೆ ಒಳಗೆ ನುಗ್ಗುತ್ತೆ: "ಪೇಂಟ್ ಪ್ರೊಟೆಕ್ಷನ್". ಕೇಳಿದ್ರೆ "ಎಲ್ರೂ ಹಾಕಿಸ್ತಾರೆ ಸಾರ್, ನಿಮ್ಮ ಕಡೆ ಧೂಳು ಜಾಸ್ತಿ ಅಲ್ವಾ" ಅಂತಾರೆ. ಧೂಳು ಜಾಸ್ತಿ, ಒಪ್ಪಿದೆ. ಆದ್ರೆ ನಮ್ಮೂರಲ್ಲಿ ಹೊಸ ಕಾರಿನ ಹೊಳಪು ಹೋಗೋದು ಕೋಟಿಂಗ್ ಇಲ್ಲ ಅಂತ ಅಲ್ಲ. ಬೆಳಿಗ್ಗೆ ಎದ್ದು ಒಣ ಬಟ್ಟೇಲಿ ಒರೆಸ್ತೀವಲ್ಲ, ಅದ್ರಿಂದ. ರೋಗ ಒಂದು, ಮಾರ್ತಿರೋ ಔಷಧಿ ಇನ್ನೊಂದು.

📌 2/6: ನಮ್ಮ ಧೂಳು ಎಂಥದ್ದು?
ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಆಯ್ತು, ಧೂಳು ಮಾತ್ರ ಹಳೇದೇ. ನಮ್ಮ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನದಲ್ಲಿ "ಕ್ಲೋಸ್‌ಪೇಟ್ ಗ್ರಾನೈಟ್" ಅಂತಾನೇ ಹೆಸರು. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತಿದ್ರು, ಅದ್ರಿಂದ ಬಂದಿದ್ದು. ಗ್ರಾನೈಟ್‌ನಲ್ಲಿ ಬೆಣಚುಕಲ್ಲು ಇರುತ್ತೆ, ಅಂದ್ರೆ ಕ್ವಾರ್ಟ್ಜ್. ಖನಿಜಗಳ ಗಡಸುತನ ಅಳೆಯೋ ಮೋಸ್ ಅಳತೇಲಿ ಅದು 7. ಸಾಮಾನ್ಯ ಉಕ್ಕಿನ ಚಾಕು ಹೆಚ್ಚೂಕಮ್ಮಿ ಐದೂವರೆ.

ಈಗ ಯೋಚನೆ ಮಾಡಿ. ಚಾಕುಗಿಂತ ಗಟ್ಟಿಯಾದ ಪುಡಿ ಬಾನೆಟ್ ಮೇಲೆ ಕೂತಿದೆ. ನಾವು ಹಳೇ ಬನಿಯನ್ ತಗೊಂಡು ಗರಗರ ಅಂತ ಸುತ್ತು ಸುತ್ತಾಗಿ ಉಜ್ತೀವಿ. ಅದು ಒರೆಸೋದಲ್ಲ ಗುರು, ಮರಳು ಕಾಗದ ಹಾಕೋದು. ಬಿಸಿಲಲ್ಲಿ ನಿಲ್ಲಿಸಿದಾಗ ಜೇಡರ ಬಲೆ ಥರ ಗೆರೆ ಕಾಣುತ್ತಲ್ಲ, ಅದು ನಮ್ಮ ಕೈಕೆಲಸ.

📌 3/6: ಪೇಂಟ್ ಎಷ್ಟು ದಪ್ಪ ಗೊತ್ತಾ?
ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ. ನಮ್ಮ ಬಿಡದಿಲೇ ಕಾರ್ ತಯಾರಾಗುತ್ತೆ, ಆದ್ರೂ ಕಾರಿನ ಬಣ್ಣದ ಬಗ್ಗೆ ನಮಗೆ ಯಾರೂ ಹೇಳಿಲ್ಲ. ಯಾವ ಕಂಪನಿ ಕಾರಾದ್ರೂ ಕ್ರಮ ಹೆಚ್ಚೂಕಮ್ಮಿ ಇದೇ: ತುಕ್ಕು ತಡೆಯೋ ಪದರ, ಪ್ರೈಮರ್, ಬಣ್ಣ, ಮೇಲೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲಾ ಸೇರಿ ಸುಮಾರು 100 ಮೈಕ್ರಾನ್, ಅಂದ್ರೆ ಒಂದು ಜೆರಾಕ್ಸ್ ಹಾಳೆ ದಪ್ಪ. ಕ್ಲಿಯರ್ ಕೋಟ್ ಅದ್ರಲ್ಲಿ ಅರ್ಧಕ್ಕಿಂತ ಕಮ್ಮಿ.

"ರಬ್ಬಿಂಗ್ ಹೊಡೆದ್ರೆ ಹೊಸದಾಗುತ್ತೆ" ಅಂತಾರಲ್ಲ, ಪ್ರತಿ ಸಲ ಆ ಅರ್ಧ ಹಾಳೆಯಿಂದಲೇ ಸ್ವಲ್ಪ ಸವೆಸ್ತಾರೆ. ಅದು ಉಳಿತಾಯ ಖಾತೆ ಇದ್ದಂಗೆ. ತೆಗೀಬಹುದು, ವಾಪಸ್ ಹಾಕೋಕೆ ಆಗಲ್ಲ.

📌 4/6: ಹಾಗಾದ್ರೆ ಕೋಟಿಂಗ್ ಸುಳ್ಳಾ?
ಸುಳ್ಳಲ್ಲ. ಒಳ್ಳೆ ಸೆರಾಮಿಕ್ ಕೋಟಿಂಗ್ ಇದ್ರೆ ನೀರು ಜಾರುತ್ತೆ, ಕೊಳೆ ಬೇಗ ಬಿಡುತ್ತೆ, ತೊಳೆಯೋದು ಸುಲಭ. ಆದ್ರೆ ಅದ್ರ ದಪ್ಪ ಒಂದೆರಡು ಮೈಕ್ರಾನ್. ಎಕ್ಸ್‌ಪ್ರೆಸ್‌ವೇಲಿ ಮುಂದಿನ ಲಾರಿಯಿಂದ ಹಾರೋ ಜಲ್ಲಿಕಲ್ಲನ್ನ ಅದು ತಡೆಯಲ್ಲ.

"9ಎಚ್ ಗಟ್ಟಿ ಸಾರ್" ಅಂದ್ರೆ ವಜ್ರದ ಪಕ್ಕದ ಗಟ್ಟಿ ಅನ್ಕೋಬೇಡಿ. ಅದು ಪೆನ್ಸಿಲ್ ಅಳತೆ. ಹೌದು, ನಾವು ಡ್ರಾಯಿಂಗ್ ಕ್ಲಾಸಲ್ಲಿ ಎಚ್‌ಬಿ ಅಂತಿದ್ವಲ್ಲ, ಅದೇ ಪೆನ್ಸಿಲ್. ನಮ್ಮ ಬೆಣಚುಕಲ್ಲಿನ ಮುಂದೆ ಪೆನ್ಸಿಲ್ ಯಾವ ಲೆಕ್ಕ? ಇನ್ನು "ಟೆಫ್ಲಾನ್" ಅನ್ನೋರಿಗೆ: ಬಾಣಲೆಗೆ ಟೆಫ್ಲಾನ್ ಹಿಡಿಸೋಕೆ 300 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಅಷ್ಟು ಬಿಸಿ ಕೊಟ್ರೆ ಕಾರಿನ ಬಣ್ಣವೇ ಉಳಿಯಲ್ಲ.

ಚನ್ನಪಟ್ಟಣದಲ್ಲಿ ಬೊಂಬೆ ಮಾಡೋರನ್ನ ಕೇಳಿ. ಮರ ಒಣಗ್ಬೇಕು, ಮೈ ನುಣುಪಾಗ್ಬೇಕು, ಆಮೇಲೇ ಅರಗು. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಆ ಉಜ್ಜಾಟದ ಬಿಸಿಗೇ ಕರಗಿ ಹಿಡಿಯುತ್ತೆ. ಮೈ ಸರಿ ಇಲ್ದೆ ಹೊಳಪು ನಿಲ್ಲಲ್ಲ ಅನ್ನೋದು ನಮ್ಮೂರಿನ ವಿದ್ಯೆ. ಕಾರಿಗೂ ಅಷ್ಟೇ: ಸರಿಯಾಗಿ ತೊಳೆದು, ಅಂಟಿರೋ ಕೊಳೆ ತೆಗೆದು, ಹಚ್ಚಿ, ಗಂಟೆಗಟ್ಲೆ ಒಣಗೋಕೆ ಬಿಡ್ಬೇಕು. ಬೆಳಿಗ್ಗೆ ಯಾರ್ಡ್‌ನಿಂದ ಬಂದ ಗಾಡಿ ಮಧ್ಯಾಹ್ನ ರಿಬ್ಬನ್ ಕಟ್ಕೊಂಡು ನಿಂತಿದ್ರೆ, ಇದೆಲ್ಲಾ ಯಾವಾಗ ಮಾಡಿದ್ರು?

📌 5/6: ಈಗ ನಮ್ ಬಿಕಾಂ ಲೆಕ್ಕ
ನಮ್ಮ ದೊಡ್ಡಪ್ಪ ರೇಷ್ಮೆಗೂಡು ಮಾರಿದ ದುಡ್ಡಲ್ಲಿ ಡೌನ್ ಪೇಮೆಂಟ್ ಕಟ್ಟಿದ್ರು. ಬಿಲ್‌ನಲ್ಲಿ ಪೇಂಟ್ ಪ್ರೊಟೆಕ್ಷನ್ 24,500. ಅವ್ರು ಕೇಳಿರ್ಲಿಲ್ಲ. ಯಾವ ಬ್ರಾಂಡ್, ಎಷ್ಟು ವರ್ಷ ಅನ್ನೋ ಒಂದು ಚೀಟಿನೂ ಕೊಟ್ಟಿಲ್ಲ. ಆ ಮೊತ್ತ ಸಾಲಕ್ಕೇ ಸೇರ್ತು. ವರ್ಷಕ್ಕೆ ಶೇ 9 ಬಡ್ಡಿ, ಐದು ವರ್ಷ ಅಂತ ಹಾಕಿ ನೋಡಿ: ತಿಂಗಳಿಗೆ ಸುಮಾರು 509, ಒಟ್ಟು 30,500 ದಾಟುತ್ತೆ. ಕಣ್ಣಿಗೆ ಕಾಣದ ಪದರಕ್ಕೆ ಆರು ಸಾವಿರ ಬಡ್ಡಿ! ಗೂಡಿನ ರೇಟಿಗೆ ಮಾರ್ಕೆಟ್‌ನಲ್ಲಿ ಕೆಜಿಗೆ ಹತ್ತು ರೂಪಾಯಿ ಬಿಡದೆ ವಾದ ಮಾಡೋ ಮನುಷ್ಯ, ಎಸಿ ರೂಮಲ್ಲಿ ಕಾಫಿ ಕೊಟ್ಟ ತಕ್ಷಣ ಸುಮ್ನಾಗಿಬಿಡ್ತಾರೆ. ನನಗೆ ಸಿಟ್ಟು ಇರೋದು ಅಲ್ಲಿ.

"ಇದು ಕಡ್ಡಾಯ" ಅಂತ ಯಾರಾದ್ರೂ ಅಂದ್ರೆ ಬರೆದು ಕೊಡಿ ಅನ್ನಿ. ಒಂದು ವಸ್ತು ಕೊಳ್ಳೋಕೆ ಇನ್ನೊಂದನ್ನ ಕೊಳ್ಳಲೇಬೇಕು ಅನ್ನೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಜೋರಾಗಿ ಕೇಳಿ, ಸಾಲು ತಾನಾಗೇ ಅಳಿಸಿ ಹೋಗ್ಬೋದು.

"ಡೀಟೇಲಿಂಗ್ ಹುಡುಗ್ರ ಹೊಟ್ಟೆ ಮೇಲೆ ಹೊಡೀತೀಯಾ?" ಅಂತ ಕೇಳೋರಿಗೆ: ಇಲ್ಲ. ಬಾಟ್ಲಿ ತೋರ್ಸಿ, ಕಣ್ಣೆದುರು ಕೆಲಸ ಮಾಡಿ, ಬಿಲ್ ಕೊಡೋ ಹುಡುಗನ ಹತ್ರ ಬೇಕಿದ್ರೆ ಧಾರಾಳವಾಗಿ ಮಾಡ್ಸಿ. ದಿನಾ ಹೈವೇಲಿ ಬೆಂಗಳೂರಿಗೆ ಹೋಗೋರು ಬಂಪರ್, ಬಾನೆಟ್‌ಗೆ ಪಿಪಿಎಫ್ ಫಿಲ್ಮ್ ಹಾಕ್ಸಿದ್ರೆ ಅರ್ಥ ಇದೆ. ಅದು 150ರಿಂದ 200 ಮೈಕ್ರಾನ್, ಸಣ್ಣ ಕಲ್ಲಿನ ಏಟು ತಾಳುತ್ತೆ. ಕೇಳಿ ಕೊಳ್ಳೋದು ವ್ಯಾಪಾರ, ಹೇಳದೆ ಸೇರ್ಸೋದು ಜೇಬುಗಳ್ಳತನ.

📌 6/6: ಮಾಡ್ಬೇಕಾದ್ದು ಇಷ್ಟೇ
✅ ಒಣ ಬಟ್ಟೆ ಬಂದ್. ಮೊದ್ಲು ಬರೀ ನೀರು ಹಾಯ್ಸಿ, ಧೂಳು ಇಳೀಲಿ.
✅ ಎರಡು ಬಕೆಟ್. ಒಂದ್ರಲ್ಲಿ ಕಾರ್ ಶ್ಯಾಂಪೂ, ಇನ್ನೊಂದ್ರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಬಟ್ಟೆ ಮೈಕ್ರೋಫೈಬರ್. ನೆಲಕ್ಕೆ ಬಿದ್ರೆ ಮತ್ತೆ ಕಾರಿಗೆ ಬೇಡ.
✅ ಮೇಲಿಂದ ಕೆಳಗೆ, ನೇರ ಗೆರೇಲಿ. ಸುತ್ತು ಸುತ್ತು ಬೇಡ.
✅ ನಮ್ದು ಬೋರ್‌ವೆಲ್ ಗಡಸು ನೀರು. ಬಿಸಿಲಲ್ಲಿ ತೊಳೆದು ಹಾಗೇ ಬಿಟ್ರೆ ಬಿಳಿ ಕಲೆ ಕೂರುತ್ತೆ. ನೆರಳಲ್ಲಿ ತೊಳೆದು ತಕ್ಷಣ ಒರೆಸಿ.
✅ ಹಕ್ಕಿ ಹಿಕ್ಕೆ ಬಿಸಿಲಿಗೆ ಬಣ್ಣ ತಿನ್ನುತ್ತೆ. ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೀರಿ, ಕೆರೀಬೇಡಿ.
✅ ಪೂಜೆ ಮಾಡ್ಸಿ, ಚೆನ್ನಾಗಿ ಮಾಡ್ಸಿ. ಹಾರದ ತಂತಿ ಬಾನೆಟ್‌ಗೆ ತಾಗದಂಗೆ ನೋಡ್ಕೊಳಿ. ಅರಿಶಿನ ಕುಂಕುಮನ ನೀರು ಹಾಕಿ ತೊಳೀರಿ.
✅ ಮೂರು ತಿಂಗಳಿಗೊಂದ್ಸಲ ಕೈಯಲ್ಲೇ ವ್ಯಾಕ್ಸ್.

ಇದಕ್ಕೆಲ್ಲಾ ಬೇಕಾಗಿರೋದು ಎರಡು ಬಕೆಟ್, ಭಾನುವಾರ ಒಂದು ಗಂಟೆ. ಕಾರ್ ಬುಕ್ ಮಾಡಿರೋ ಮಾವನಿಗೋ ಚಿಕ್ಕಪ್ಪನಿಗೋ ಇದನ್ನ ಇವತ್ತೇ ಕಳ್ಸಿ. ಬಿಲ್ ಆದ್ಮೇಲೆ ಕಳ್ಸಿ ಪ್ರಯೋಜನ ಇಲ್ಲ.

#ಹೊಸಕಾರು #ರಾಮನಗರ #ಚನ್ನಪಟ್ಟಣ #ಕನಕಪುರ #ಮಾಗಡಿ #ಒಣಬಟ್ಟೆಬಂದ್