ಸಿಮಿಟ್ರಿಯ ಬಾಗಿಲು, ರಿಮೋಟಿನ ಗುಂಡಿ

ನವೆಂಬರ್ ಬಂತೆಂದರೆ ನಾವೆಲ್ಲ ಸಿಮಿಟ್ರಿಯ ಹುಲ್ಲು ಸವರಿ, ಸಮಾಧಿಗಳಿಗೆ ಸುಣ್ಣ ಬಳಿದು, ಹೂವು ಮೇಣದ ಬತ್ತಿ ಸಿದ್ಧ ಮಾಡುತ್ತೇವೆ. ಒಂದನೇ ತಾರೀಕು ಸಕಲ ಸಂತರ ಹಬ್ಬ, ಮರುದಿನ ಮೃತರ ಸ್ಮರಣೆ. ಇದೇ ಹಬ್ಬವನ್ನು ಗಡುವಾಗಿ ಇಟ್ಟುಕೊಂಡ ಒಂದು ಭಯಾನಕ ಸಿನೆಮಾ ಇದೆಯೆಂದು ಮೊನ್ನೆಮೊನ್ನೆಯವರೆಗೆ ನಮಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮನೆಯ ಹುಡುಗನಿಂದ. ಕಾಲೇಜಿಗೆ ಹೋಗುವ ಅವನು ರಾತ್ರಿ ಬಾಗಿಲು ಹಾಕಿಕೊಂಡು ಇಟಲಿಯ ಹಳೆಯ ಹೆಣಗಳ ಚಿತ್ರ ನೋಡುತ್ತಿದ್ದ. ಡಿವಿಡಿ ಪೆಟ್ಟಿಗೆಯ ಮೇಲೆ ಕೊಳೆತ ಮುಖ, ಕಣ್ಣಿನ ಗುಳಿಯಲ್ಲಿ ಹುಳು. ಅಂದು ನಮಗೆ ಊಟ ಸೇರಲಿಲ್ಲ. ಎಸೆದುಬಿಡೋಣ ಎಂದಿತು ಮನಸ್ಸು. ಆದರೆ ನೋಡದೆ ಬೈದರೆ ಅವನ ಮುಂದೆ ನಮ್ಮ ಮಾತಿಗೆ ಬೆಲೆಯೇನು? ಮೂರು ಶನಿವಾರ ಅವನ ಜೊತೆಯಲ್ಲೇ ಕುಳಿತೆವು.

ಮೊದಲನೆಯದು 1979ರ 'ಝೋಂಬಿ 2'. ಒಂದನ್ನು ನೋಡದೆ ಎರಡಕ್ಕೆ ಹೇಗೆ ಬಂದೆ ಎಂದು ಕೇಳಿದೆವು. ಅಮೆರಿಕದ ಜಾರ್ಜ್ ರೊಮೆರೊ 1978ರಲ್ಲಿ ಮಾಡಿದ 'ಡಾನ್ ಆಫ್ ದ ಡೆಡ್' ಇಟಲಿಯಲ್ಲಿ 'ಝೋಂಬಿ' ಎಂಬ ಹೆಸರಿನಲ್ಲಿ ಗೆದ್ದಿತಂತೆ. ಕಥೆಯಲ್ಲಿ ಸಂಬಂಧವಿಲ್ಲದಿದ್ದರೂ ಹೆಸರಿಗೆ ಎರಡು ಸೇರಿಸಿ ಇದನ್ನು ಬಿಟ್ಟರು. ವ್ಯಾಪಾರದ ಬುದ್ಧಿ ಎಲ್ಲ ಕಡೆಯೂ ಒಂದೇ ನೋಡಿ! ನಿರ್ದೇಶಕ ರೋಮಿನವನೇ ಆದ ಲೂಚಿಯೊ ಫುಲ್ಚಿ. ಅದಕ್ಕೂ ಮೊದಲು ಹಾಸ್ಯಚಿತ್ರ, ಕೌಬಾಯ್ ಚಿತ್ರ ಎಲ್ಲ ಮಾಡಿದವನು, 1996ರಲ್ಲಿ ತೀರಿಕೊಂಡ.

ನ್ಯೂಯಾರ್ಕ್ ಬಂದರಿಗೆ ಆಳಿಲ್ಲದ ದೋಣಿಯೊಂದು ತೇಲಿ ಬರುತ್ತದೆ. ಅದರ ಜಾಡು ಹಿಡಿದು ಹೋದರೆ ಕೆರಿಬಿಯನ್ ದ್ವೀಪವೊಂದರಲ್ಲಿ ಸತ್ತವರು ಏಳುತ್ತಿದ್ದಾರೆ. ಹೆಣಗಳ ಮುಖಕ್ಕೆ ಮೆತ್ತಿದ್ದು ಜೇಡಿಮಣ್ಣು, ಕಣ್ಣಿನಲ್ಲಿರುವುದು ಎರೆಹುಳು. ಸಮುದ್ರದ ಅಡಿಯಲ್ಲಿ ಒಂದು ಹೆಣ ನಿಜವಾದ ಶಾರ್ಕಿನೊಡನೆ ಕುಸ್ತಿಗೆ ಬೀಳುತ್ತದೆ. ನಮಗೆ ನಗು ತಡೆಯಲಾಗಲಿಲ್ಲ. ಬಾಗಿಲಿನ ಮರದ ಚೂರು ಒಬ್ಬ ಹೆಂಗಸಿನ ಕಣ್ಣಿನತ್ತ ಬರುವ ದೃಶ್ಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಾವು ದಿಂಬಿನಲ್ಲಿ ಮುಖ ಮುಚ್ಚಿಕೊಂಡೆವು. ಹುಡುಗ ಮುಚ್ಚಿಕೊಳ್ಳಲಿಲ್ಲ. ರಿಮೋಟ್ ಒತ್ತಿ ಹಿಂದಕ್ಕೆ ಓಡಿಸಿ, ಎಲ್ಲಿ ನಿಜವಾದ ಮುಖ ಮುಗಿದು ಗೊಂಬೆಯ ಮುಖ ಶುರುವಾಗುತ್ತದೆಂದು ಬೆರಳಿಟ್ಟು ತೋರಿಸಿದ.

ನಮಗೆ ಅಲ್ಲೇ ಸ್ವಲ್ಪ ಅರ್ಥವಾಯಿತು. ಥಿಯೇಟರಿನ ಕತ್ತಲೆಯಲ್ಲಿ ಭಯ ನಮ್ಮನ್ನು ಹಿಡಿದು ಕೂರಿಸುತ್ತದೆ. ಮನೆಯ ಟಿವಿಯಲ್ಲಿ ಭಯದ ಜುಟ್ಟು ನಮ್ಮ ಕೈಯಲ್ಲಿರುತ್ತದೆ. ನಿಲ್ಲಿಸಬಹುದು, ಹಿಂದೆ ತಿರುಗಿಸಬಹುದು, ನಡುವೆ ಎದ್ದು ನೀರು ಕುಡಿದು ಬರಬಹುದು.

ಇದರ ಹಿಂದೆ ಬ್ರಿಟನ್ನಿನ ದೊಡ್ಡ ಗಲಾಟೆಯೊಂದಿದೆ. 1980ರ ದಶಕದ ಆರಂಭದಲ್ಲಿ ಅಲ್ಲಿ ಥಿಯೇಟರಿಗೆ ಬರುವ ಚಿತ್ರಕ್ಕೆ ಸೆನ್ಸಾರ್ ಇತ್ತು, ಕ್ಯಾಸೆಟ್ಟಿಗೆ ಇರಲಿಲ್ಲ. 'ಝೋಂಬಿ 2' ಅಲ್ಲಿ 'ಝೋಂಬಿ ಫ್ಲೆಶ್ ಈಟರ್ಸ್' ಎಂಬ ಹೆಸರಿನಲ್ಲಿ ಬಂತು. ಕ್ಯಾಸೆಟ್ ಕಂಪೆನಿ ಮೊದಲು ಕತ್ತರಿಸಿದ ಪ್ರತಿ ಮಾರಿ, ಆಮೇಲೆ ಕತ್ತರಿಸದ ಪ್ರತಿಯೆಂದು ಹೊದಿಕೆಯ ಮೇಲೇ ಅಚ್ಚು ಹಾಕಿ ಮಾರಿತು. ಮಕ್ಕಳ ಕೈಗೆ ಸಿಗುತ್ತಿದೆಯೆಂದು ಪತ್ರಿಕೆಗಳು ಕೂಗೆಬ್ಬಿಸಿದವು. ಇಂಥ ಕ್ಯಾಸೆಟ್‌ಗಳಿಗೆ 'ವಿಡಿಯೋ ನ್ಯಾಸ್ಟಿ' ಎಂಬ ಹೆಸರೇ ಬಿತ್ತು. ಪೊಲೀಸರು ಅಂಗಡಿಗಳ ಮೇಲೆ ದಾಳಿ ಮಾಡಿದರು. ಒಟ್ಟು 72 ಹೆಸರುಗಳು ಸರಕಾರಿ ವಕೀಲರ ಪಟ್ಟಿಯಲ್ಲಿ ಬಂದುಹೋದವು. 1984ರಲ್ಲಿ ಕಾನೂನೇ ಬಂತು. ಆ ತಂದೆತಾಯಿಗಳ ಆತಂಕ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ಪಟ್ಟಿಯೇ ಹುಡುಗರಿಗೆ ಸಾಮಾನಿನ ಚೀಟಿಯಾಯಿತು! ಪ್ರತಿಯ ಪ್ರತಿ ಮಾಡಿದ, ಬಣ್ಣ ಕೆಟ್ಟ ಟೇಪುಗಳು ಕೈಯಿಂದ ಕೈಗೆ ಹೋದವು. 2005ರಲ್ಲಿ ಅಲ್ಲಿನ ಸೆನ್ಸಾರಿನವರು ಅದೇ ಚಿತ್ರವನ್ನು ವಯಸ್ಕರಿಗೆಂದು ಒಂದು ಕತ್ತರಿಯೂ ಇಲ್ಲದೆ ಬಿಟ್ಟರು. ಇನ್ನೊಂದು ತಮಾಷೆ: ಆ 1984ರ ಕಾನೂನನ್ನು ಯುರೋಪಿನ ಆಯೋಗಕ್ಕೆ ವಿಧಿಪ್ರಕಾರ ತಿಳಿಸಿರಲೇ ಇಲ್ಲವೆಂದು 2009ರಲ್ಲಿ ಪತ್ತೆಯಾಗಿ, ಮರುವರ್ಷ ಮತ್ತೆ ಜಾರಿಮಾಡಬೇಕಾಯಿತು.

ಎರಡನೆಯ ಶನಿವಾರ ನೋಡಿದ್ದು 1980ರ 'ಸಿಟಿ ಆಫ್ ದ ಲಿವಿಂಗ್ ಡೆಡ್'. ಹಬ್ಬದ ಗಡುವಿನ ಚಿತ್ರ ಇದೇ. ಒಬ್ಬ ಗುರುಗಳು ಸಿಮಿಟ್ರಿಯಲ್ಲಿ ನೇಣು ಹಾಕಿಕೊಳ್ಳುವುದರಿಂದ ಶುರು. ಅದರಿಂದ ನರಕದ ಬಾಗಿಲು ತೆರೆಯುತ್ತದೆ. ಸಕಲ ಸಂತರ ಹಬ್ಬದೊಳಗೆ ಮುಚ್ಚದಿದ್ದರೆ ಸತ್ತವರೆಲ್ಲ ಎದ್ದು ಬರುತ್ತಾರೆ. ನಮಗೆ ಸಿಟ್ಟು ಬಂದದ್ದು ನಿಜ. ಕಥೆಗೆ ತಲೆಬುಡವಿಲ್ಲ, ತುಟಿ ಒಂದು ಕಡೆ ಮಾತು ಒಂದು ಕಡೆ, ಹೆಂಗಸರಿಗಂತೂ ಹಿಂಸೆಯೋ ಹಿಂಸೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಕೂಡದು. ಆದರೂ ನಮ್ಮನ್ನು ಕಾಡಿದ್ದು ರಕ್ತವಲ್ಲ. ಎದ್ದು ಬಂದವರು ತಮ್ಮವರನ್ನು ಗುರುತಿಸುವುದಿಲ್ಲ. ನಮ್ಮ ವಿಶ್ವಾಸಸಂಗ್ರಹದಲ್ಲಿ ಶರೀರದ ಪುನರುತ್ಥಾನ ಎನ್ನುತ್ತೇವೆ. ಇಲ್ಲಿ ಏಳುವುದು ಬರಿ ಮಾಂಸ. ಪ್ರೀತಿ ಮಣ್ಣಿನಲ್ಲೇ ಉಳಿದಿದೆ.

ಮೂರನೆಯದು 1981ರ 'ದ ಬಿಯಾಂಡ್'. ಲೂಸಿಯಾನಾದ ಹಳೆಯ ಹೋಟೆಲಿನ ನೆಲಮಾಳಿಗೆಯಲ್ಲಿ ಇನ್ನೊಂದು ನರಕದ ಬಾಗಿಲು. ಅರ್ಧಕ್ಕೆ ಬಂದಾಗ ನಾವು ಕೇಳಿಯೇಬಿಟ್ಟೆವು: "ಇದರಲ್ಲಿ ನಿನಗೆ ಏನು ಸಿಗುತ್ತದೆ ಮಗ?"

ಅವನು ಚಿತ್ರ ನಿಲ್ಲಿಸಿದ. "ಇದರಲ್ಲಿ ಎಲ್ಲ ತೋರಿಸುತ್ತಾರೆ. ಸಾಕು ಅನಿಸಿದರೆ ನಾನೇ ನಿಲ್ಲಿಸಬಹುದು. ಅಜ್ಜಿಗೆ ಏನಾಯಿತೆಂದು ನೀವು ತೋರಿಸಲಿಲ್ಲವಲ್ಲ."

ಮೂರು ವರ್ಷದ ಹಿಂದಿನ ಮಾತು. ಅಜ್ಜಿ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ, ಹುಡುಗ ಹೆದರಿಯಾನು ಎಂದು ಅವನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದೆವು. ಪೆಟ್ಟಿಗೆ ಮುಚ್ಚುವಾಗಲೂ ಅಂಗಳಕ್ಕೆ ಕಳಿಸಿದ್ದೆವು. ಒಳ್ಳೆಯದಕ್ಕೇ ಮಾಡಿದ್ದು. ಆದರೆ ಅವನಿಗೆ ಆಗ ಹದಿನಾರು ತುಂಬಿತ್ತು, ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವನು.

ಅಂದು ರಾತ್ರಿ ಹೇಳಿದೆವು. ಉಸಿರು ಹೇಗಿತ್ತು, ಕೈ ಎಷ್ಟು ಹೊತ್ತು ಬೆಚ್ಚಗಿತ್ತು, ಅಂತ್ಯಾಭ್ಯಂಗದ ಹೊತ್ತಿಗೆ ಕಣ್ಣು ಬಿಟ್ಟದ್ದು, ಬಾಯಿ ಮುಚ್ಚಲು ಬಟ್ಟೆ ಕಟ್ಟಿದ್ದು, ಎಲ್ಲ. ನಡುನಡುವೆ ಅವನೇ ಪ್ರಶ್ನೆ ಕೇಳಿದ. ಮುಗಿಯುವಾಗ ಒಂದು ಗಂಟೆ ದಾಟಿತ್ತು. ಆ ಚಿತ್ರದ ಉಳಿದ ಅರ್ಧವನ್ನು ನಾವು ಇನ್ನೂ ನೋಡಿಲ್ಲ.