ಆಸ್ಕರ್ ಪ್ರತಿಮೆ ಪೂರ್ತಿ ಚಿನ್ನದ್ದೇ? ಮಾರಿದರೆ ಸಿಗುವುದು ಒಂದೇ ಡಾಲರ್ ಅಂತೆ, ಹೌದೇ?

ಆಸ್ಕರ್ ಸಮಾರಂಭ ಹತ್ತಿರ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಅದರ ಬಗ್ಗೆ ಬಗೆಬಗೆಯ ಸಂದೇಶಗಳು ಹರಿದಾಡುತ್ತವೆ. ಕೆಲವು ನಂಬಲಾಗದಂತಿದ್ದರೂ ನಿಜ, ಕೆಲವು ನಿಜದಂತೆ ಕಂಡರೂ ತಪ್ಪು. ಅಂಥ ಮೂರು ವಿಷಯಗಳನ್ನು ಇಲ್ಲಿ ನೋಡೋಣ.

1. ಪ್ರತಿಮೆ ಅಪ್ಪಟ ಚಿನ್ನದ್ದೇ?

ಅಲ್ಲ. ಒಳಗಿರುವುದು ಗಟ್ಟಿ ಕಂಚು, ಮೇಲಿರುವುದು 24 ಕ್ಯಾರಟ್ ಚಿನ್ನದ ತೆಳುವಾದ ಲೇಪ. ನಮ್ಮ ಅಂಗಡಿಗಳಲ್ಲಿ ಸಿಗುವ ‘ಒನ್ ಗ್ರಾಂ ಗೋಲ್ಡ್’ ಒಡವೆಗಳೂ ಹೀಗೇ ಲೇಪ ಕೊಟ್ಟವೇ ಅಲ್ಲವೇ? ಪ್ರತಿಮೆಯ ಎತ್ತರ ಸುಮಾರು 34 ಸೆಂ.ಮೀ., ತೂಕ ಸುಮಾರು 3.85 ಕೆ.ಜಿ. ಈ ತೂಕವೇ ಗುಟ್ಟು ಬಿಟ್ಟುಕೊಡುತ್ತದೆ. ಚಿನ್ನದ ಸಾಂದ್ರತೆ ಕಂಚಿನ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಇಷ್ಟೇ ಗಾತ್ರದ ಅಪ್ಪಟ ಚಿನ್ನದ ಪ್ರತಿಮೆ 8 ಕೆ.ಜಿ. ದಾಟುತ್ತಿತ್ತು!

ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹದ ಕೊರತೆಯಿಂದಾಗಿ ಮೂರು ವರ್ಷ ಬಣ್ಣ ಬಳಿದ ಪ್ಲಾಸ್ಟರ್ ಪ್ರತಿಮೆಗಳನ್ನೇ ಕೊಡಲಾಗಿತ್ತು. ಯುದ್ಧ ಮುಗಿದ ಮೇಲೆ ಅವುಗಳ ಬದಲಿಗೆ ಚಿನ್ನದ ಲೇಪವಿದ್ದವನ್ನು ಕೊಟ್ಟರು.

2. ಮಾರಿದರೆ ಒಂದೇ ಡಾಲರ್?

ಇದು ಬಹುತೇಕ ನಿಜ. 1950ರಿಂದ ಗೆದ್ದವರು ಒಂದು ಒಪ್ಪಂದಕ್ಕೆ ಬದ್ಧರು. ಪ್ರತಿಮೆ ಮಾರುವುದಿದ್ದರೆ ಮೊದಲು ಅಕಾಡೆಮಿಗೇ ಕೊಡಬೇಕು, ಬೆಲೆ ಈಗ ಕೇವಲ 1 ಡಾಲರ್. ವಾರಸುದಾರರಿಗೂ ಇದೇ ನಿಯಮ.

ಅದಕ್ಕಿಂತ ಹಳೆಯ ಪ್ರತಿಮೆಗಳ ಕಥೆಯೇ ಬೇರೆ. ‘ಗಾನ್ ವಿತ್ ದ ವಿಂಡ್’ ಚಿತ್ರದ ಆಸ್ಕರ್ ಅನ್ನು 1999ರಲ್ಲಿ ಗಾಯಕ ಮೈಕೆಲ್ ಜಾಕ್ಸನ್ 15.4 ಲಕ್ಷ ಡಾಲರ್ ಕೊಟ್ಟು ಹರಾಜಿನಲ್ಲಿ ಕೊಂಡರು.

ಹಣ ಪಡೆಯದೆಯೇ ಪ್ರತಿಮೆಯನ್ನು ಹಿಂದಿರುಗಿಸಿದವರೂ ಇದ್ದಾರೆ. ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಭಾರತಕ್ಕೆ ಮೊದಲ ಆಸ್ಕರ್ ತಂದ ಭಾನು ಅಥೈಯಾ, ತಮ್ಮ ನಂತರ ಅದು ಜೋಪಾನವಾಗಿರಲಿ ಎಂದು 2012ರಲ್ಲಿ ಅಕಾಡೆಮಿಗೇ ಒಪ್ಪಿಸಿದರು.

3. ‘ಅರ್ಹತೆ’ ಎಂದರೆ ನಾಮನಿರ್ದೇಶನವೇ?

ಅಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. 2023ರ ಜನವರಿಯಲ್ಲಿ ಅಕಾಡೆಮಿ ಪ್ರಕಟಿಸಿದ 301 ಚಿತ್ರಗಳ ಪಟ್ಟಿಯಲ್ಲಿ ‘ಕಾಂತಾರ’ ಮತ್ತು ‘ವಿಕ್ರಾಂತ್ ರೋಣ’ ಇದ್ದವು. ಅದು ಸ್ಪರ್ಧೆಗೆ ಅರ್ಹವಾದ ಚಿತ್ರಗಳ ಪಟ್ಟಿ ಅಷ್ಟೇ. 40 ನಿಮಿಷಕ್ಕಿಂತ ಉದ್ದದ ಚಿತ್ರ ಅಮೆರಿಕದ ನಿಗದಿತ ನಗರಗಳಲ್ಲೊಂದರ ಚಿತ್ರಮಂದಿರದಲ್ಲಿ ಕನಿಷ್ಠ ಏಳು ದಿನ ಓಡಿ, ಅರ್ಜಿಯ ನಿಯಮಗಳನ್ನು ಪಾಲಿಸಿದ್ದರೆ ಅದರಲ್ಲಿ ಹೆಸರು ಬರುತ್ತದೆ. ಇದು ಪರೀಕ್ಷೆಗೆ ಹಾಲ್ ಟಿಕೆಟ್ ಸಿಕ್ಕಂತೆ, ರ‍್ಯಾಂಕ್ ಬಂದಂತಲ್ಲ. ಅಕಾಡೆಮಿ ಸದಸ್ಯರು ಮತ ಹಾಕಿದ ಮೇಲೆಯೇ ನಾಮನಿರ್ದೇಶನ. ಆ ವರ್ಷ ಈ ಎರಡೂ ಚಿತ್ರಗಳಿಗೆ ಅದು ಸಿಗಲಿಲ್ಲ.

ಮುಂದಿನ ಸಲ ‘ನಮ್ಮ ಸಿನಿಮಾ ಆಸ್ಕರ್‌ಗೆ!’ ಎಂಬ ಸಂದೇಶ ಬಂದರೆ ಒಂದು ಕ್ಷಣ ತಡೆಯಿರಿ. ಅದರಲ್ಲಿರುವುದು ಅರ್ಹತೆಯೋ, ನಾಮನಿರ್ದೇಶನವೋ, ಪ್ರಶಸ್ತಿಯೋ? ಅಷ್ಟು ನೋಡಿಕೊಂಡು ಫಾರ್ವರ್ಡ್ ಮಾಡಿ. ಸಂಭ್ರಮಕ್ಕೆ ಅಡ್ಡಿಯಿಲ್ಲ, ಸುದ್ದಿ ಮಾತ್ರ ಸರಿಯಿರಲಿ.